ಕನ್ನಂಬಾಡಿಯ ನೆರಳಲ್ಲಿ ಸಣ್ಣ ಕಟ್ಟೆಗಳು

ಮಂಡ್ಯ ಸೀಮೆಯಲ್ಲಿ ‘ಕಟ್ಟೆ ತುಂಬ್ತಾ?’ ಎಂದು ಕೇಳಿದರೆ, ಯಾವ ಕಟ್ಟೆ ಎಂದು ಯಾರೂ ತಿರುಗಿ ಕೇಳುವುದಿಲ್ಲ. ಕಟ್ಟೆ ಎಂದರೆ ಕನ್ನಂಬಾಡಿ, ಅಂದರೆ ಕೆ.ಆರ್.ಎಸ್. ತುಂಬಿದಾಗಿನ ಮಟ್ಟ 124.80 ಅಡಿ, ಹಿಡಿಯುವ ನೀರು 49.45 ಟಿಎಂಸಿ ಅಡಿ ಎಂಬ ಎರಡು ಸಂಖ್ಯೆಗಳು ಇಲ್ಲಿನ ಸ್ಕೂಲು ಮಕ್ಕಳಿಗೂ ಬಾಯಿಪಾಠ. ಆ ಕಟ್ಟೆ ಬಿರುಕು ಬಿಟ್ಟಿದೆ ಎಂಬ ಮಾತೊಂದು ತೇಲಿಬಂದರೆ ಸಂಸತ್ತಿನವರೆಗೂ ಸುದ್ದಿ ಹೋಗುತ್ತದೆ.

ಆದರೆ ಪಾಂಡವಪುರ ಉಪವಿಭಾಗದ ನಾಲ್ಕು ತಾಲ್ಲೂಕುಗಳಲ್ಲಿ, ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ, ಜನ ನೀರಿಗಿಳಿಯುವುದು ಕನ್ನಂಬಾಡಿಯಲ್ಲಲ್ಲ. ಅಲ್ಲಿ ಪೊಲೀಸರಿದ್ದಾರೆ, ಬೇಲಿಯಿದೆ. ಜನ ಇಳಿಯುವುದು ಬಲಮುರಿಯಲ್ಲಿ, ಎಡಮುರಿಯಲ್ಲಿ, ಹೇಮಗಿರಿಯ ಅಣೆಯ ಮೇಲೆ, ತೊಣ್ಣೂರು ಕೆರೆಯ ದಡದಲ್ಲಿ. ಈ ಸಣ್ಣ ಕಟ್ಟೆಗಳ ಬಗ್ಗೆ ಮೂರು ಚರ್ಚೆಗಳು ನಡೆಯುತ್ತಿವೆ: ಗಟ್ಟಿಯಾಗಿವೆಯೇ, ಯಾವ ಕೆಲಸಕ್ಕೆ ಇವೆ, ಅಲ್ಲಿ ಆಡಬಹುದೇ. ಮೊದಲನೆಯದನ್ನು ಎಂಜಿನಿಯರುಗಳು ಮಾತಾಡುತ್ತಾರೆ, ಎರಡನೆಯದನ್ನು ರೈತಸಂಘದವರು, ಮೂರನೆಯದನ್ನು ಯಾರಾದರೂ ಮುಳುಗಿದ ಮರುದಿನ ಪೊಲೀಸರು. ಮೂರೂ ಒಂದೇ ಪ್ರಶ್ನೆಯ ತುಂಡುಗಳು ಎಂಬುದು ನನ್ನ ಅನಿಸಿಕೆ. ಅದನ್ನು ತೋರಿಸಲು ಮೊದಲು ಹಿಂದಕ್ಕೆ ಹೋಗಬೇಕು.

ಅಣೆಯೇ ಬೇರೆ, ಏರಿಯೇ ಬೇರೆ

ಸಣ್ಣ ಕಟ್ಟೆ ಎಂದು ಒಂದೇ ಉಸಿರಿಗೆ ಹೇಳಿದರೂ ಇಲ್ಲಿ ಅದರಲ್ಲಿ ಮೂರು ಜಾತಿಗಳಿವೆ.

ಮೊದಲನೆಯದು ಹೊಳೆಗೆ ಅಡ್ಡಲಾಗಿ ಕಲ್ಲು ಜೋಡಿಸಿದ ಅಣೆ, ಅಥವಾ ಒಡ್ಡು. ನೀರು ಕೂಡಿಡುವುದು ಇದರ ಉದ್ದೇಶವಲ್ಲ. ಹೊಳೆಯ ಮಟ್ಟವನ್ನು ಕೆಲವು ಅಡಿ ಎತ್ತಿ, ಪಕ್ಕದ ನಾಲೆಯ ಬಾಯಿಗೆ ನೀರು ತಿರುಗಿಸಿದರೆ ಅದರ ಕೆಲಸ ಮುಗಿಯಿತು. ಮಿಕ್ಕ ನೀರು ತಲೆಯ ಮೇಲೆ ಹಾದುಹೋಗಲಿ ಎಂದೇ ಕಟ್ಟಿದ್ದು. ಇಂಗ್ಲಿಷರು ಈ ಮಾತಿನ ತಮಿಳು ರೂಪ ‘ಅಣೈಕಟ್ಟು’ವನ್ನು ತಿರುಚಿ ‘ಆನಿಕಟ್’ ಮಾಡಿಕೊಂಡರು. ಹದಿನೇಳನೇ ಶತಮಾನದ ಮೈಸೂರು ಅರಸರು ಕಾವೇರಿಗೆ ಇಂಥ ಅಣೆಗಳನ್ನು ಸಾಲಾಗಿ ಹಾಕಿದರು. ಬಂಗಾರದೊಡ್ಡಿ ನಾಲೆ ಕಂಠೀರವ ನರಸರಾಜ ಒಡೆಯರ ಕಾಲದ್ದು. ಅದು ಹೊಳೆಯ ಕವಲನ್ನೇ ಮೇಲ್ಗಾಲುವೆಯಲ್ಲಿ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ತರುತ್ತದೆ. ಚಿಕ್ಕದೇವರಾಯಸಾಗರ ನಾಲೆ ಹೆಸರಲ್ಲೇ ತನ್ನ ಒಡೆಯನನ್ನು ಇಟ್ಟುಕೊಂಡಿದೆ. ವಿರಿಜಾ ನಾಲೆ ಇವುಗಳ ನೆರೆಯದು. ಮೇಲೆ ಹೇಮಾವತಿಗೆ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಮಂದಗೆರೆ, ಹೇಮಗಿರಿ ಅಣೆಗಳಿವೆ. ಕನ್ನಂಬಾಡಿಯ ಕೆಲಸ ಶುರುವಾಗಿದ್ದು 1911ರಲ್ಲಿ. ಅದಕ್ಕೆ ಎರಡೂವರೆ ಶತಮಾನ ಮೊದಲೇ ಈ ಭಾಗದ ಗದ್ದೆಗೆ ಹೊಳೆನೀರು ಹರಿಯುತ್ತಿತ್ತು ಎಂಬುದನ್ನು ನಾವು ಆಗಾಗ ಮರೆಯುತ್ತೇವೆ.

ಈ ಅಣೆಗಳಲ್ಲೊಂದರಿಂದ ಯಾರೂ ಎಣಿಸದ ಲಾಭವೊಂದು ಬಂತು. 1645–48ರ ಸುಮಾರಿಗೆ ಕಂಠೀರವರು ಕಟ್ಟಿಸಿದ ಒಡ್ಡಿನಿಂದ ಹೊಳೆಯ ನಡುವೆ ನಡುಗಡ್ಡೆಗಳು ಉಳಿದವು, ಮರ ಬೆಳೆಯಿತು, ಹಕ್ಕಿ ಬಂತು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಅದು ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಗದ್ದೆಗೆಂದು ಕಟ್ಟಿದ ಕಲ್ಲು ಇವತ್ತು ದೋಣಿ ಟಿಕೇಟಿನಿಂದ ಹೆಸರಾಗಿದೆ.

ಎರಡನೆಯದು ಕೆರೆಯ ಏರಿ. ಇದಕ್ಕೆ ಪಾಂಡವಪುರ ತಾಲ್ಲೂಕಿನ ತೊಣ್ಣೂರಿಗಿಂತ ಒಳ್ಳೆಯ ಮಾದರಿ ಬೇಡ. ಎರಡು ಕಲ್ಲುಬೆಟ್ಟಗಳ ನಡುವಿನ ಸಂದಿಗೆ ಏರಿ ಹಾಕಿ ನೀರು ನಿಲ್ಲಿಸಿದ್ದಾರೆ. ಕಟ್ಟಿಸಿದ್ದು ರಾಮಾನುಜಾಚಾರ್ಯರು ಎನ್ನುವುದು ಐತಿಹ್ಯ, ಹಳೆಯ ಹೆಸರು ತಿರುಮಲಸಾಗರ. ಹದಿನೆಂಟನೇ ಶತಮಾನದಲ್ಲಿ ದಖ್ಖನಿನ ಸುಬೇದಾರ ನಾಸಿರ್ ಜಂಗ್ ಇದರ ತಿಳಿನೀರು ನೋಡಿ ‘ಮೋತಿ ತಲಾಬ್’ ಎಂದನಂತೆ. ಟಿಪ್ಪುವಿನ ಕಾಲದಲ್ಲಿ ಶತ್ರುವಿನ ಸೇನೆಗೆ ನೀರು ದಕ್ಕಬಾರದೆಂದು ಇದೇ ಏರಿಯನ್ನು ಒಡೆಸಲಾಯಿತು ಎಂದು ಹೇಳುತ್ತಾರೆ. ಮುಂದೆ ಅದನ್ನು ಮತ್ತೆ ಕಟ್ಟಿದರು. ಏರಿಯ ಭದ್ರತೆ ರಾಜ್ಯದ ಭದ್ರತೆಯೂ ಆಗಿದ್ದ ಕಾಲ ಅದು. ಹೊಳೆಯ ನೀರು ಅಷ್ಟಾಗಿ ಹತ್ತದ ನಾಗಮಂಗಲದಲ್ಲಂತೂ ಬದುಕೇ ಕೆರೆಯದು. ಲೋಕಪಾವನಿ, ವೀರವೈಷ್ಣವಿ ಹಳ್ಳಗಳ ಉದ್ದಕ್ಕೂ ಕೆರೆಯ ಕೋಡಿ ಇನ್ನೊಂದು ಕೆರೆಗೆ ಬೀಳುವ ಸರಣಿ ಇದೆ.

ಮೂರನೆಯದು ಸಂಸ್ಥಾನದ ಎಂಜಿನಿಯರುಗಳ ಕಾಲದ ಮಧ್ಯಮ ಗಾತ್ರದ ಅಣೆಕಟ್ಟು. ಶಿಂಷೆಗೆ ಕಟ್ಟಿದ ಮಾರ್ಕೋನಹಳ್ಳಿ ಕುಣಿಗಲ್ ತಾಲ್ಲೂಕಿನಲ್ಲಿದ್ದರೂ ಅದರ ನಾಲೆ ನಾಗಮಂಗಲದ ಗದ್ದೆಗೂ ಬರುತ್ತದೆ. ಇದರ ವಿಶೇಷ, ತಾನಾಗಿ ಹರಿಯುವ ಸೈಫನ್. ಅದರ ಕಥೆ ಮುಂದೆ ಬರುತ್ತದೆ, ಏಕೆಂದರೆ ಆ ವಿಶೇಷವೇ ಜೀವ ತೆಗೆದಿದೆ.

ಎಲ್ಲಿ ಮುರಿಯುತ್ತದೆ

ಎಂಜಿನಿಯರುಗಳ ನೋಟದಲ್ಲಿ ಸಣ್ಣ ಕಟ್ಟೆಯ ಭದ್ರತೆ ಎಂದರೆ ಗೋಡೆಯ ಬಲವಲ್ಲ, ನೀರು ಹೊರಹೋಗುವ ದಾರಿ. ಮಣ್ಣಿನ ಏರಿ ಸಾಮಾನ್ಯವಾಗಿ ಸಾಯುವುದು ಎರಡು ರೀತಿ. ಕೋಡಿ ಮುಚ್ಚಿಹೋಗಿ ಅಥವಾ ಸಾಲದೆ ನೀರು ಏರಿಯ ಮೇಲೆ ಹತ್ತಿ ಹರಿದರೆ, ಹೊರಮೈ ಮಣ್ಣು ಕೊಚ್ಚಿ ಗಂಟೆಗಳಲ್ಲಿ ಬಾಯಿ ಬಿಡುತ್ತದೆ. ಇನ್ನೊಂದು, ಒಳಗಿನಿಂದ. ತೂಬಿನ ಪಕ್ಕದ ಸಂದು, ಹೆಗ್ಗಣದ ಬಿಲ, ಸತ್ತ ಮರದ ಬೇರು ಬಿಟ್ಟ ಟೊಳ್ಳು, ಇವುಗಳ ಮೂಲಕ ನೀರು ಜಿನುಗುತ್ತ ಮಣ್ಣನ್ನೂ ಜೊತೆಗೆ ಒಯ್ಯುತ್ತದೆ. ಜಿನುಗುವ ನೀರು ತಿಳಿಯಾಗಿದ್ದರೆ ಭಯ ಕಡಿಮೆ, ಕದಡಿದ್ದರೆ ರಾತ್ರಿಯೇ ಓಡಬೇಕು ಎಂಬುದು ಏರಿ ಕಾಯುತ್ತಿದ್ದ ಹಳೆಯ ನೀರುಗಂಟಿಗಳಿಗೆ ಗೊತ್ತಿದ್ದ ಪಾಠ.

ಬರ ಇದಕ್ಕೆ ಇನ್ನೊಂದು ಅಪಾಯ ಸೇರಿಸುತ್ತದೆ. ವರ್ಷಗಟ್ಟಲೆ ಒಣಗಿ ಬಿರುಕು ಬಿಟ್ಟ ಏರಿಗೆ ಒಂದೇ ವಾರದಲ್ಲಿ ತುಂಬುನೀರು ನಿಂತರೆ, ಬಿರುಕೇ ದಾರಿ. ನಾಗಮಂಗಲದಂಥ ಕಡೆ ಕೆರೆಗಳು ಹಾಗೆಯೇ ಒಣಗಿ ನಿಂತಿದ್ದವು, 2022ರ ಮಳೆಯಲ್ಲಿ ಕೋಡಿಗಳು ಬಹಳ ಕಾಲದ ನಂತರ ನೀರು ಕಂಡವು. ಸರಣಿಯಲ್ಲಿ ಮೇಲಿನದೊಂದು ಒಡೆದರೆ ಕೆಳಗಿನದಕ್ಕೆ ಬರುವುದು ಮಳೆಯ ನೀರಲ್ಲ, ಕೆರೆಯ ನೀರು.

ಇದು ಹೆದರಿಸುವ ಮಾತಲ್ಲ. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆಯಲ್ಲಿ 2019ರ ಜುಲೈ 2ರ ರಾತ್ರಿ ಒಡೆದದ್ದು ಒಂದು ಸಣ್ಣ ಮಣ್ಣಿನ ಕಟ್ಟೆ. ಸುಮಾರು ಇಪ್ಪತ್ತು ಜನ ಸತ್ತರು. ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು. ಅಲ್ಲಿನ ಸಚಿವರೊಬ್ಬರು ಏಡಿಗಳು ಕಾರಣ ಎಂದು ಹೇಳಿ ನಗೆಪಾಟಲಾದರು. ಏಡಿ ಏರಿ ಕೊರೆಯುವುದು ಸುಳ್ಳಲ್ಲ. ಆದರೆ ಏಡಿಯ ಬಿಲ ಮುಚ್ಚಬೇಕಾದವನು ಯಾರು ಎಂಬ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಹೊಳೆಯ ಅಣೆಗಳ ಕಥೆ ಬೇರೆ. ಅವು ಒಡೆದರೂ ಊರು ತೇಲುವಷ್ಟು ನೀರು ಅವುಗಳ ಹಿಂದೆ ಇಲ್ಲ. ಮೇಲಿಂದ ಬಿದ್ದ ನೀರು ಬುಡ ಕೊರೆದು ಕಲ್ಲು ಸಡಿಲವಾಗುವುದು, ಹಿಂಬದಿಗೆ ಹೂಳು ತುಂಬುವುದು, ನಾಲೆಯ ಬಾಯಿ ಕಟ್ಟಿಕೊಳ್ಳುವುದು, ಇವು ಅವುಗಳ ಕಾಯಿಲೆ. ಮುನ್ನೂರು ವರ್ಷ ದಾಟಿದ ಕಲ್ಲುಗಳು ಇನ್ನೂ ನಿಂತಿರುವುದು ಅವು ಪ್ರವಾಹಕ್ಕೆ ಎದೆಕೊಡದೆ ಬೆನ್ನುಕೊಟ್ಟದ್ದರಿಂದ. ಹಾಗಾಗಿ ಅಣೆಯ ವಿಚಾರದಲ್ಲಿ ಕಟ್ಟಡದ ಭದ್ರತೆಗಿಂತ ಅದರ ಮೇಲೆ ನಿಂತ ಮನುಷ್ಯನ ಭದ್ರತೆ ದೊಡ್ಡ ಪ್ರಶ್ನೆ.

ಕಾನೂನಿನ ಅಳತೆಗೋಲು

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಒಳ್ಳೆಯ ಕಾನೂನು. ತಪಾಸಣೆ, ತುರ್ತು ಯೋಜನೆ, ಹೊಣೆಗಾರಿಕೆ ಎಲ್ಲ ಅದರಲ್ಲಿದೆ. ಆದರೆ ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಕಟ್ಟೆಗೆ. 10ರಿಂದ 15 ಮೀಟರ್ ಎತ್ತರದವು ಒಳಗೆ ಬರಬೇಕಾದರೆ ಉದ್ದ 500 ಮೀಟರ್ ಇರಬೇಕು, ಇಲ್ಲವೇ ಹತ್ತು ಲಕ್ಷ ಘನ ಮೀಟರ್ ನೀರು ಹಿಡಿಯಬೇಕು, ಇಲ್ಲವೇ ಸೆಕೆಂಡಿಗೆ 2,000 ಘನ ಮೀಟರ್ ಪ್ರವಾಹ ಹೊರಬಿಡುವಂತಿರಬೇಕು, ಅಥವಾ ತಳಪಾಯ, ವಿನ್ಯಾಸಗಳಲ್ಲಿ ತೊಡಕಿರಬೇಕು. ಹತ್ತು ಮೀಟರಿಗಿಂತ ಕೆಳಗಿನದು ಕಾಯ್ದೆಯ ಕಣ್ಣಿಗೆ ಬೀಳುವುದಿಲ್ಲ. ಕಾವೇರಿ, ಹೇಮಾವತಿಗಳ ಹಳೆಯ ಅಣೆಗಳು, ಹಳ್ಳಿಯ ಬಹುಪಾಲು ಕೆರೆಗಳು ಆ ಕೆಳಗಿನ ಸಾಲಿನವು.

ಅವುಗಳಿಗೆ ದಿಕ್ಕು ಯಾರು? 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆಯಿದ್ದರೆ ಪಂಚಾಯಿತಿ. ಹೊಳೆಯ ಅಣೆ, ನಾಲೆಗಳು ಕಾವೇರಿ ನೀರಾವರಿ ನಿಗಮದ್ದು. ಕೆರೆಗಳಿಗೆಂದೇ 2014ರಲ್ಲಿ ಒಂದು ಪ್ರಾಧಿಕಾರದ ಕಾನೂನು ಮಾಡಿ, ಕೆಲವೇ ವರ್ಷದಲ್ಲಿ ಪ್ರಾಧಿಕಾರವನ್ನೇ ಮುಚ್ಚಿದ ರಾಜ್ಯ ನಮ್ಮದು.

ದೊಡ್ಡ ಕಟ್ಟೆಗೆ ಈ ಅನಾಥ ಸ್ಥಿತಿ ಇಲ್ಲ. 2018ರ ಸೆಪ್ಟೆಂಬರಿನಲ್ಲಿ ಪಾಂಡವಪುರದ ಕಡೆ ಕೇಳಿದ ಭಾರಿ ಸದ್ದನ್ನು ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಯಂತ್ರಗಳು ದಾಖಲಿಸಿದವು. ಅಲ್ಲಿನ ಬೇಬಿ ಬೆಟ್ಟದ ಕಲ್ಲುಗಣಿಗಾರಿಕೆ ಕನ್ನಂಬಾಡಿಗೆ ಅಪಾಯವೇ ಎಂಬ ವಾದ ಅಲ್ಲಿಂದ ಕಾವೇರಿತು. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿಲೋಮೀಟರ್ ಗಣಿಗಾರಿಕೆಗೆ ತಡೆ ಹಾಕಿತು. ಒಪ್ಪುವ ಮಾತೇ. ಆದರೆ ಅದೇ ಸಿಡಿತ ನಡುಗಿಸುವ ಹಳ್ಳಿಯ ಕೆರೆಯ ಏರಿಗೆ ಯಾವ ಯಂತ್ರವನ್ನೂ ಯಾರೂ ಇಟ್ಟಿಲ್ಲ.

ನೀರು ಗದ್ದೆಗೋ, ಆರತಿಗೋ, ಆಟಕ್ಕೋ

ಉದ್ದೇಶದ ಜಗಳದಲ್ಲಿ ರೈತರ ನಿಲುವು ನೇರ. ಕಟ್ಟೆ ಕಟ್ಟಿದ್ದು ಬೆಳೆಗೆ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಕಟ್ಟು ಪದ್ಧತಿಯಲ್ಲಿ ಎಣಿಸಿ ಎಣಿಸಿ ನೀರು ಬಿಡುವಾಗ, ಕಬ್ಬು ಒಣಗುತ್ತಿರುವಾಗ, ಅದೇ ನೀರಿನ ಮೇಲೆ ಹಬ್ಬ ಮಾಡುವುದು ಏನು ಚೆಂದ? ಕನ್ನಂಬಾಡಿಯ ಬುಡದ ಬೃಂದಾವನ ಉದ್ಯಾನವನ್ನು ಸುಮಾರು 2,663 ಕೋಟಿ ರೂಪಾಯಿಯ ಮನರಂಜನಾ ತಾಣವಾಗಿಸುವ ಯೋಜನೆಗೆ, 2025ರಲ್ಲಿ ಕಾವೇರಿ ಆರತಿಗೆ ಅವರು ಅಡ್ಡ ನಿಂತದ್ದು ಇದಕ್ಕೇ. ಜನಜಂಗುಳಿ, ವಾಹನ, ಕಾಮಗಾರಿಗಳಿಂದ ಕಟ್ಟೆಗೆ ತೊಂದರೆ ಎಂಬ ಭದ್ರತೆಯ ಮಾತೂ ಅದರೊಳಗಿತ್ತು. ಎರಡನ್ನೂ ಬೆರೆಸಿದ್ದರಿಂದ ವಾದ ದುರ್ಬಲವಾಯಿತು ಎಂದು ನನಗೆ ಅನಿಸಿದೆ. ‘ನಮ್ಮ ಹಣ ನಾಲೆಯ ಹೂಳೆತ್ತಲು ಖರ್ಚಾಗಲಿ’ ಎಂಬ ಮಾತು ತಾನೇ ಸಾಕಿತ್ತು.

ಇದಕ್ಕೆದುರು ಪ್ರವಾಸೋದ್ಯಮದ ಪಕ್ಷ. ಬೇಸಾಯ ಕೈಕೊಟ್ಟ ಮನೆಯ ಹುಡುಗ ದೋಣಿ ನಡೆಸಿ, ಮೀನು ಹುರಿದು, ಎಳನೀರು ಮಾರಿ ಬದುಕಿದರೆ ತಪ್ಪೇನು? ಬಲಮುರಿಯ ದಡದಲ್ಲಿ ಭಾನುವಾರ ನಿಂತವರಿಗೆ ಈ ವಾದವನ್ನು ತಳ್ಳಿಹಾಕಲು ಮನಸ್ಸು ಬರುವುದಿಲ್ಲ.

ಮೂರನೆಯ ಪಕ್ಷ ಎಲ್ಲಕ್ಕಿಂತ ಹಳೆಯದು, ಅದಕ್ಕೆ ವಾದಿಸುವ ಅಗತ್ಯವೇ ಬಿದ್ದಿಲ್ಲ. ಹೇಮಗಿರಿಯ ಬೆಟ್ಟದ ಕೆಳಗೆ ರಥಸಪ್ತಮಿಯ ಹೊತ್ತಿಗೆ ತೇರೂ ದನಗಳ ಜಾತ್ರೆಯೂ ಸೇರುತ್ತವೆ. ಅಂಬಿಗರಹಳ್ಳಿಯ ಬಳಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಕೂಡುವಲ್ಲಿ ಕುಂಭಮೇಳ ನಡೆದಿದೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ, ಸಂಗಮಕ್ಕೆ ಅಸ್ಥಿ ಬಿಡಲು ದಿನವೂ ಜನ ಬರುತ್ತಾರೆ. ಇಲ್ಲಿ ಸ್ನಾನವೂ ವಿಹಾರವೂ ಬೇರೆಯಲ್ಲ. ಅಜ್ಜಿ ಮುಳುಗಿ ಏಳುತ್ತಾಳೆ, ಮೊಮ್ಮಗ ಅಲ್ಲೇ ಈಜು ಕಲಿಯುತ್ತಾನೆ. ನೀರಿಗಿಳಿಯುವುದನ್ನು ಹೊರಗಿನವರ ಚಟ ಎಂದು ಬರೆಯುವ ಅಧಿಕಾರಿಗಳು ಈ ಪಕ್ಷವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಹೊಳೆಯದೇ ಪಕ್ಷ. ನೀರುನಾಯಿ, ಮೊಸಳೆ, ಮೀನು, ಹಕ್ಕಿ. ಕನ್ನಂಬಾಡಿಯಿಂದ ಹೊರಹರಿವು ಏರಿದಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ತಗ್ಗಿನ ನಡುಗಡ್ಡೆಗಳ ಗೂಡುಗಳು ಮುಳುಗುತ್ತವೆ. ಹಕ್ಕಿಗೆ ಯಾರೂ ಮುನ್ಸೂಚನೆ ಕೊಡುವುದಿಲ್ಲ. ಮನುಷ್ಯನಿಗಾದರೂ ಕೊಡುತ್ತಾರೆಯೇ?

ಪಾದ ಮುಳುಗುವ ನೀರಿನಲ್ಲಿ

ಬಲಮುರಿಯಲ್ಲಿ ಅಣೆಯ ಮೇಲೆ ನೀರು ತೆಳ್ಳಗೆ ಜಾರುತ್ತದೆ. ಮಂಡಿಯೂ ಮುಳುಗದು. ಸಿನಿಮಾದ ಹಾಡುಗಳಲ್ಲಿ ನೋಡಿದ ಜಾಗ, ಮೈಸೂರಿನಿಂದ ಅರ್ಧ ಗಂಟೆಯ ದಾರಿ. ಅಪಾಯ ಎಲ್ಲಿದೆ ಎಂದೇ ಕಾಣುವುದಿಲ್ಲ, ಅದೇ ಅಪಾಯ. ಕಲ್ಲಿಗೆ ಪಾಚಿ ಕಟ್ಟಿರುತ್ತದೆ. ಅಣೆಯ ಕೆಳಗೆ ನೀರು ಶತಮಾನಗಳಿಂದ ಬಿದ್ದು ಕೊರೆದ ಮಡುಗಳಿರುತ್ತವೆ. ಎರಡು ಹೆಜ್ಜೆಯ ಅಂತರದಲ್ಲಿ ಮಂಡಿಯುದ್ದದ ನೀರು ಆಳುದ್ದವಾಗುತ್ತದೆ. ನೇರ ಗೋಡೆಯಂಥ ಅಣೆಯಾದರೆ ಬಿದ್ದ ನೀರು ಬುಡದಲ್ಲಿ ಮಗುಚಿ ಹಿಂದಕ್ಕೇ ಸುತ್ತುತ್ತದೆ. ಸಿಕ್ಕವನನ್ನು ಮೇಲೆತ್ತಿ ಮತ್ತೆ ಗೋಡೆಯ ಬುಡಕ್ಕೇ ಎಳೆಯುತ್ತದೆ. ಅಮೆರಿಕದಲ್ಲಿ ಇಂಥ ಕುಳ್ಳ ಅಣೆಗಳನ್ನು ‘ಮುಳುಗಿಸುವ ಯಂತ್ರ’ ಎಂದೇ ಕರೆಯುತ್ತಾರೆ.

ಇದಕ್ಕಿಂತ ಕೆಟ್ಟದ್ದು, ಮೇಲಿನ ಕಟ್ಟೆಯಿಂದ ಬರುವ ನೀರು. ಬಲಮುರಿ, ಎಡಮುರಿಗಳು ಕನ್ನಂಬಾಡಿಯ ಕೆಳಗಿವೆ. ಹೇಮಗಿರಿ, ಮಂದಗೆರೆಗಳು ಗೊರೂರಿನ ಹೇಮಾವತಿ ಜಲಾಶಯದ ಕೆಳಗಿವೆ. ಗೇಟು ಎತ್ತುವುದು ಇನ್ನೆಲ್ಲೋ, ಕಾಲ ಕೆಳಗೆ ನೀರು ಏರುವುದು ಇಲ್ಲಿ.

ಮಾರ್ಕೋನಹಳ್ಳಿಯಲ್ಲಿ ಗೇಟು ಎತ್ತುವ ಕೈಯೂ ಬೇಕಿಲ್ಲ. ಅಲ್ಲಿನ ಸೈಫನ್ನು ಮೈಸೂರಿನ ಎಂಜಿನಿಯರ್ ವಿ. ಗಣೇಶ್ ಅಯ್ಯರ್ ರೂಪಿಸಿದ ಬಗೆಯದು. ನೆಟ್ಟಗೆ ನಿಂತ ದೊಡ್ಡ ಕೊಳವೆಗೆ ಆಲಿಕೆಯಂಥ ಬಾಯಿ, ಅದರ ಮೇಲೆ ಗುಮ್ಮಟ. ನೀರು ಬಾಯಿ ದಾಟಿದೊಡನೆ ಸುರುಳಿ ಸುತ್ತುತ್ತ ಇಳಿದು ಒಳಗಿನ ಗಾಳಿಯನ್ನು ಹೊತ್ತೊಯ್ಯುತ್ತದೆ. ಗಾಳಿ ಖಾಲಿಯಾದ ಕ್ಷಣ ಕೊಳವೆ ತುಂಬಾ ನೀರು ಸೆಳೆದುಕೊಂಡು ಭೋರ್ಗರೆಯುತ್ತದೆ. ಮಧ್ಯರಾತ್ರಿ ಗೇಟು ಎತ್ತಲು ಕಾವಲುಗಾರ ಬೇಡವೆಂಬುದೇ ಇದರ ಜಾಣ್ಮೆ, ಕಟ್ಟೆಯ ಭದ್ರತೆಗೆ ಇದಕ್ಕಿಂತ ಚೆನ್ನಾದ ಉಪಾಯ ಇಲ್ಲ. 2025ರ ಅಕ್ಟೋಬರಿನಲ್ಲಿ ವಿಹಾರಕ್ಕೆ ಬಂದ ಕುಟುಂಬವೊಂದು ಕೆಳಗೆ ನೀರಿನಲ್ಲಿ ಆಡುತ್ತಿದ್ದಾಗ ಸೈಫನ್ ಹರಿಯಿತು, ಹಲವರು ಕೊಚ್ಚಿಹೋದರು. ಕಟ್ಟೆಗೆ ಏನೂ ಆಗಲಿಲ್ಲ. ಕಟ್ಟೆಯನ್ನು ಉಳಿಸುವ ಏರ್ಪಾಡು ಕಟ್ಟೆಯ ಕೆಳಗಿನವರನ್ನು ಉಳಿಸುವ ಏರ್ಪಾಡಲ್ಲ ಎಂಬುದಕ್ಕೆ ಇದಕ್ಕಿಂತ ಕಟುವಾದ ಸಾಕ್ಷಿ ನಾನು ಕಂಡಿಲ್ಲ.

ಇಂಥದ್ದು ನಡೆದಾಗಲೆಲ್ಲ ಬರುವುದು ನಿಷೇಧ. ಬೋರ್ಡು, ಸರಪಳಿ, ನಾಲ್ಕು ವಾರ ಪೊಲೀಸರು. ನಿಷೇಧವಾದಿಗಳ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ತೊಣ್ಣೂರಿನಲ್ಲಿ, ಬಲಮುರಿಯಲ್ಲಿ ಸತ್ತವರಲ್ಲಿ ಹಲವರು ಈಜು ಬಾರದ, ಹೊರಗಿನಿಂದ ಬಂದ ಎಳೆಯರು. ಆದರೆ ಜಾತ್ರೆಗೆ ತೆರೆದು ಪ್ರವಾಸಿಗೆ ಮುಚ್ಚುವ, ಸೋಮವಾರ ಹಾಕಿ ಶನಿವಾರ ಸಡಿಲಿಸುವ ನಿಷೇಧವನ್ನು ಯಾರೂ ನಂಬುವುದಿಲ್ಲ. ಎದುರು ಪಕ್ಷದವರು ಕೇಳುವುದು ಸರಳ ಸಂಗತಿಗಳು: ಇಳಿಯಬಹುದಾದ ಜಾಗಕ್ಕೆ ಗೆರೆ, ಮಡುವಿಗೆ ಗುರುತು, ಹಗ್ಗ, ಊರಿನ ಈಜುಗಾರರಿಗೆ ಸಂಬಳ, ಮೇಲೆ ಗೇಟು ಎತ್ತುವ ಮುನ್ನ ಕೆಳಗೆ ಸೈರನ್.

ಇಲ್ಲಿ ನಾಲೆಯ ತಡೆಗೋಡೆಯ ಕಥೆ ನೆನಪಿರಲಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. 2023ರಲ್ಲೂ ಕಾರುಗಳು ಅದೇ ನಾಲೆಗೆ ಬಿದ್ದವು. ನಾಲೆಯನ್ನು ನಿಷೇಧಿಸಿ ಎಂದು ಯಾರೂ ಹೇಳಲಿಲ್ಲ, ಗೋಡೆ ಕಟ್ಟಿ ಎಂದರು. ಅಣೆಯ ವಿಚಾರದಲ್ಲಿ ಆ ವಿವೇಕ ನಮಗೆ ಬಂದಿಲ್ಲ.

ಬಗೆಹರಿಯದವು

ಹಿಂದೆ ಏರಿಗೊಬ್ಬ ನೀರುಗಂಟಿ ಇದ್ದ. ತೂಬು ಎತ್ತುವುದು, ಬಿಲ ಮುಚ್ಚುವುದು, ಕೋಡಿ ನೋಡುವುದು, ಮಕ್ಕಳನ್ನು ಬೈದು ಓಡಿಸುವುದು ಎಲ್ಲ ಅವನದೇ. ಬೋರ್‌ವೆಲ್ ಬಂದು ಗದ್ದೆ ಕೆರೆಯನ್ನು ಮರೆತ ಮೇಲೆ ಅವನ ಕೆಲಸ ಮೂರು ಇಲಾಖೆಗೆ ಹಂಚಿಹೋಯಿತು, ಏರಿಯ ಮೇಲೆ ಮಾತ್ರ ಯಾರೂ ಉಳಿಯಲಿಲ್ಲ. ಅವನಿಗೆ ಬದಲು ಯಾರು, ಸಂಬಳ ಯಾವ ಲೆಕ್ಕದಿಂದ, ನೀರಾವರಿಯದೋ ಪ್ರವಾಸೋದ್ಯಮದ್ದೋ, ಇದು ತೀರ್ಮಾನವಾಗಿಲ್ಲ. ಹತ್ತು ಮೀಟರಿಗಿಂತ ಕುಳ್ಳಗಿನ ಕಟ್ಟೆಗೆ ರಾಜ್ಯವೇ ಒಂದು ಕಾನೂನು ಮಾಡಬೇಕೇ ಎಂಬುದೂ ಹಾಗೆಯೇ ಇದೆ. ಗಣಿ ಸಿಡಿತದಿಂದ ಏರಿಗೆ ಎಷ್ಟು ಹಾನಿ ಎಂಬುದನ್ನು ದೊಡ್ಡ ಕಟ್ಟೆಯ ಸುತ್ತ ಕೋರ್ಟು ಕೇಳಿದೆ, ಸಣ್ಣದರ ಸುತ್ತ ಯಾರೂ ಕೇಳಿಲ್ಲ. ಹಳೆಯ ಅಣೆಗಳಿಗೆ ಕಾಂಕ್ರೀಟು ಮೆತ್ತಿ ಗಟ್ಟಿ ಮಾಡಿದರೆ ಅವು ಉಳಿಯುತ್ತವೆಯೋ, ನೀರು ಬೀಳುವ ರೀತಿ ಬದಲಾಗಿ ಹೊಸ ಸುಳಿ ಹುಟ್ಟುತ್ತದೆಯೋ ಎಂಬ ಬಗ್ಗೆ ತಜ್ಞರಲ್ಲೂ ಒಮ್ಮತವಿಲ್ಲ.

ಮಳೆಗಾಲದಲ್ಲಿ ಕನ್ನಡ ಪತ್ರಿಕೆಗಳು ದಿನವೂ ಒಂದು ಪುಟ್ಟ ಚೌಕದಲ್ಲಿ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವು ಅಚ್ಚುಹಾಕುತ್ತವೆ. ರೈತರು ಮೊದಲು ಓದುವುದು ಅದನ್ನೇ. ಬಲಮುರಿಗೆ ಹೊರಡುವವರು ಮನೆ ಬಿಡುವ ಮುನ್ನ ಅದರಲ್ಲಿ ಕೆ.ಆರ್.ಎಸ್. ಹೊರಹರಿವನ್ನು ನೋಡಿಕೊಳ್ಳಿ, ಹೇಮಗಿರಿಗೆ ಹೊರಡುವವರು ಹೇಮಾವತಿಯದನ್ನು. ತೊಣ್ಣೂರಿನ ಹೆಸರು ಆ ಚೌಕದಲ್ಲಿಲ್ಲ.